ಹನ್ನೊಂದನೇ ಕಾಲಂ

ನಮ್ಮ ಊರಿನ ಮನೆಯ ಜಗುಲಿಯ ಗೋಡೆಯಲ್ಲಿ, ಅಜ್ಜನ ಪಟಕ್ಕೂ ಸೊಸೈಟಿಯವರು ಕೊಟ್ಟ ಕ್ಯಾಲೆಂಡರಿಗೂ ನಡುವೆ, ಲ್ಯಾಮಿನೇಷನ್ ಮಾಡಿಸಿದ ಒಂದು ಪಹಣಿ ಮೊಳೆಗೆ ತೂಗುತ್ತಿದೆ. ಪಹಣಿಗೆ ಯಾರೂ ಲ್ಯಾಮಿನೇಷನ್ ಮಾಡಿಸುವುದಿಲ್ಲ. ಅದು ಆಯಾ ಸಾಲಿನ ದಾಖಲೆ. ಮುಂದಿನ ವರ್ಷ ಬೇಕಾದರೆ ನಾಡಕಚೇರಿಗೆ ಹೋಗಿ ಹೊಸದನ್ನೇ ತೆಗೆಸಬೇಕು, ಹಳೆಯದನ್ನು ಯಾವ ಬ್ಯಾಂಕಿನವರೂ ಮೂಸಿ ನೋಡುವುದಿಲ್ಲ. ಸಾಗರದ ಜೆರಾಕ್ಸ್ ಅಂಗಡಿಯ ಹುಡುಗ ಅದನ್ನೇ ಹೇಳಿದನಂತೆ: “ಇದು ಮುಂದಿನ ವರ್ಷಕ್ಕೆ ನಡೆಯಲ್ಲ ನಾಯ್ಕರೇ, ಸುಮ್ನೆ ದುಡ್ಡು ದಂಡ.” ಅಪ್ಪ, “ನಡೀದಿದ್ರೆ ಬೇಡ, ನೀನು ಮಾಡು” ಎಂದರಂತೆ. 2018ರ ಮೇ ತಿಂಗಳಿನ ಮಾತು.

ಅಪ್ಪ ಗೋಡೆಗೆ ತೂಗುಹಾಕಿದ್ದು ಆ ಹಾಳೆಯ ಒಂದು ಖಾಲಿ ಜಾಗವನ್ನು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರನ ಹೆಸರು, ಹತ್ತರಲ್ಲಿ ಭೂಮಿ ಅವನಿಗೆ ಬಂದ ರೀತಿ, ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತವೆ. ನಡುವಿನ ಹನ್ನೊಂದನೆಯದು ಇತರರ ಹಕ್ಕುಗಳಿಗೆ ಮತ್ತು ಋಣಗಳಿಗೆ ಮೀಸಲು. ನನಗೆ ಓದಲು ಬಂದಾಗಿನಿಂದ ಆ ಕಾಲಂ ಖಾಲಿ ಇದ್ದದ್ದನ್ನು ನಾನು ಕಂಡಿರಲಿಲ್ಲ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರುವ ಮೊದಲು, ಕೈಬರಹದ ಕಾಲದಲ್ಲಿ, ಅಲ್ಲಿ ನೀಲಿ ಶಾಯಿಯ ಒಂದರ ಮೇಲೊಂದು ಸಾಲು ಇರುತ್ತಿದ್ದವು: ಪಂಪ್‌ಸೆಟ್ಟಿನ ಸಾಲ, ತೋಟಕ್ಕೆ ಮಣ್ಣು ಹಾಕಿಸಿದ ಸಾಲ, ಬೆಳೆ ಸಾಲ. ಬಾವಿಯ ಹೆಸರಿನಲ್ಲಿ ಎತ್ತಿದ್ದ ಇನ್ನೊಂದು ಸಾಲ ನಿಜವಾಗಿ ದೊಡ್ಡಕ್ಕನ ಮದುವೆಯದಾಗಿತ್ತು. ಕಂಪ್ಯೂಟರ್ ಬಂದ ಮೇಲೆ ಸಾಲಗಳು ಅಚ್ಚಿನ ಅಕ್ಷರದಲ್ಲಿ ಬರತೊಡಗಿದವು, ಅಷ್ಟೇ ವ್ಯತ್ಯಾಸ. ಮೂವತ್ತೆರಡು ವರ್ಷಗಳ ನಂತರ ಮೊದಲ ಬಾರಿಗೆ ಅಲ್ಲಿ ಏನೂ ಇರಲಿಲ್ಲ.

ಹಣದ ವಿಚಾರದಲ್ಲಿ ಜನ ಯಾವುದನ್ನು ನೆನೆದು ಹೆಮ್ಮೆಪಡುತ್ತಾರೆ ಎಂದು ನಾನು ಯೋಚಿಸಲು ಶುರುಮಾಡಿದ್ದು ಆ ಮೊಳೆಯ ಕೆಳಗೆ ನಿಂತು. ನಮ್ಮ ಕಡೆ ಇದು ಸುಲಭವಾಗಿ ತಿಳಿಯುವ ಸಂಗತಿಯಲ್ಲ, ಏಕೆಂದರೆ ಬಾಯಿಬಿಟ್ಟು ಹೇಳುವ ರೂಢಿಯೇ ಇಲ್ಲ. “ಈ ಸಲ ಅಡಿಕೆ ಹ್ಯಾಂಗೆ?” ಎಂದು ಕೇಳಿದರೆ ಮೂವತ್ತು ಕ್ವಿಂಟಾಲ್ ಆದವರೂ “ಏನೋ ಸ್ವಲ್ಪ ಐತೆ ಮಾರಾಯ, ಕೊಳೇಲಿ ಉಳಿದದ್ದು” ಎನ್ನುತ್ತಾರೆ, ನಿಜವಾಗಿಯೂ ಕೊಳೆರೋಗದಲ್ಲಿ ಸೋತವರೂ ಅದೇ ಮಾತನ್ನು ಅದೇ ಧಾಟಿಯಲ್ಲಿ ಹೇಳುತ್ತಾರೆ. ದೃಷ್ಟಿ ತಾಗುತ್ತದೆ ಎಂಬ ಅಂಜಿಕೆ ಒಂದು ಕಡೆ, ಕೈಗಡ ಕೇಳಲು ಯಾರಾದರೂ ಬಂದಾರು ಎಂಬ ಲೆಕ್ಕಾಚಾರ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ನಿಜವೆಂದು ನನ್ನ ಅನುಮಾನ. ಹೀಗೆ ಮಾತಿನಲ್ಲಿ ಹೊರಬರದ ಹೆಮ್ಮೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಹೆಂಚಿನ ಮನೆಗೆ ತಾರಸಿ ಏರುತ್ತದೆ, ಅಂಗಳಕ್ಕೆ ಕಾರು ಬರುತ್ತದೆ, ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಜಾತ್ರೆಗೆ ನೆಂಟರನ್ನೆಲ್ಲ ಕರೆದು ಉಣಬಡಿಸಲಾಗುತ್ತದೆ. ಒಂದು ಖಾಲಿ ಕಾಲಮ್ಮನ್ನು ಗೋಡೆಗೆ ಹಾಕಿದವರನ್ನು ಮಾತ್ರ ನಾನು ಬೇರೆಲ್ಲೂ ನೋಡಿಲ್ಲ.

ಅದಕ್ಕೂ ಹಿಂದಿನ ಹೆಮ್ಮೆ ಅದೇ ಹಾಳೆಯ ಒಂಬತ್ತನೇ ಕಾಲಂನಲ್ಲಿದೆ, ಅದು ಅಜ್ಜನದು. ಅಜ್ಜ ಗೇಣಿದಾರ. ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತದ್ದು, ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದದ್ದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಆದರೆ ಅಜ್ಜ ಆ ಕಥೆಯನ್ನು ಹೇಳುವಾಗ ನಾಯಕರ ಹೆಸರುಗಳಿಗಿಂತ ಹೆಚ್ಚು ಹೊತ್ತು ಕೊಳಗದ ಮಾತನ್ನೇ ಆಡುತ್ತಿದ್ದರು. ಗೇಣಿ ಭತ್ತವನ್ನು ಅಳೆದುಕೊಳ್ಳಲು ಒಡೆಯರು ಇಟ್ಟುಕೊಂಡಿದ್ದ ಕೊಳಗ ದೊಡ್ಡದು ಎಂಬುದೇ ಆ ಜಗಳದ ಮೂಲ. ಬೆವರು ಸುರಿಸಿ ಬೆಳೆದದ್ದನ್ನು ಕೊಡುವುದಕ್ಕಿಂತ, ಅಳತೆಯಲ್ಲಿ ಮೋಸಹೋಗುತ್ತಿದ್ದೇನೆಂದು ಗೊತ್ತಿದ್ದೂ ಸುಮ್ಮನೆ ನಿಂತು ಅಳೆಸಬೇಕಾದದ್ದು ಅವರಿಗೆ ಕೊನೆಯವರೆಗೂ ನೋಯುತ್ತಿತ್ತು. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಅಜ್ಜ ತಾವು ಉಳುತ್ತಿದ್ದ ಭೂಮಿಯ ಹಕ್ಕು ಕೇಳುವ ಅರ್ಜಿ, ನಮೂನೆ 7ನ್ನು ತುಂಬಿಸಿ ಕೊಟ್ಟರು, ಭೂನ್ಯಾಯಮಂಡಳಿಯ ಮುಂದೆ ವರ್ಷಗಟ್ಟಲೆ ಅಲೆದರು, ಕೊನೆಗೆ ಮೂರು ಎಕರೆ ಚಿಲ್ಲರೆ ಜಮೀನಿಗೆ ಅವರ ಹೆಸರು ಬಂತು. ಓದಲು ಬಾರದ ಅವರು ಆ ಕಾಗದದಲ್ಲಿ ತಮ್ಮ ಹೆಸರು ಎಲ್ಲಿದೆ ಎಂದು ಕೇಳಿ ತಿಳಿದು, ಆ ಜಾಗಕ್ಕೆ ಬೆರಳಿಟ್ಟು ತೋರಿಸುತ್ತಿದ್ದರಂತೆ. ಹೆಸರು ಬಂದ ಮೇಲೆ ಆ ಹೆಸರಿನ ಮೇಲೆ ಸಾಲವೂ ಸಿಗತೊಡಗಿತು. ಅಜ್ಜನ ಕಾಲದಲ್ಲಿ ಭೂಮಿಯಿಲ್ಲದವನಿಗೆ ಬ್ಯಾಂಕಿನವರು ಸಾಲ ಕೊಡುತ್ತಿರಲಿಲ್ಲವಾದ್ದರಿಂದ, ಮೊದಲ ಸಲ ಸಾಲ ಸಿಕ್ಕಿದ್ದೂ ಮನೆಯಲ್ಲಿ ಒಂದು ಹಬ್ಬವೇ ಆಗಿತ್ತು ಎಂದು ಅಪ್ಪ ನಗುತ್ತಾ ಹೇಳುವುದುಂಟು.

ತಿಂಗಳ ಸಂಬಳದವರಿಗೆ ಅಡಿಕೆ ಮನೆಯ ಹಣದ ನಡೆ ಅರ್ಥವಾಗುವುದು ಕಷ್ಟ. ಶಿವಮೊಗ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೂ ಈಗೀಗ ಅದು ಮರೆತುಹೋಗುತ್ತದೆ. ಖರ್ಚು ಬರುವುದು ಮಳೆಗಾಲದ ಬಾಗಿಲಲ್ಲಿ, ಹಣ ಬರುವುದು ಚಳಿ ಮುಗಿಯುವ ಹೊತ್ತಿಗೆ. ಮಳೆ ಹಿಡಿಯುವ ಮುನ್ನ ಕೊಳೆರೋಗಕ್ಕೆ ಮೊದಲ ಸಲ ಔಷಧಿ ಹೊಡೆಸಬೇಕು, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಬೋರ್ಡೋ ದ್ರಾವಣದ ಲೆಕ್ಕ ನಮ್ಮ ಕಡೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತದೆ. ಅದೇ ಹೊತ್ತಿಗೆ ಗದ್ದೆಯ ನೆಟ್ಟಿ, ಮಕ್ಕಳ ಶಾಲೆಯ ಫೀಸು, ಮಳೆಗಾಲಕ್ಕೆಂದು ಅಟ್ಟಕ್ಕೆ ಏರಿಸುವ ದಿನಸಿ. ಕೈಯಲ್ಲಿ ಕಾಸಿಲ್ಲದ ಆ ಜೂನ್ ತಿಂಗಳಲ್ಲಿ ಅಮ್ಮನ ಗುಂಡಿನ ಸರ ಸೊಸೈಟಿಯ ತಿಜೋರಿಗೆ ಹೋಗುತ್ತಿತ್ತು. ಅಡಿಕೆಯ ಗೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ಹಣ ಬಂದ ಮೇಲೆ, ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಅದು ಮರಳಿ ಬರುತ್ತಿತ್ತು. ಮದುವೆ ಮುಂಜಿಗಳೆಲ್ಲ ಬೇಸಿಗೆಯಲ್ಲೇ ಇರುವುದರಿಂದ ಊರಿನವರು ಅಮ್ಮನ ಕೊರಳಲ್ಲಿ ಸರ ಇಲ್ಲದ್ದನ್ನು ಗಮನಿಸಿದ್ದು ಕಡಿಮೆ. ಚಿಕ್ಕವಳಿದ್ದಾಗ ನಾನು ಅದನ್ನು ಬೇಸಿಗೆಯಲ್ಲಿ ಮಾತ್ರ ಹಾಕಿಕೊಳ್ಳುವ ಆಭರಣ ಎಂದೇ ತಿಳಿದಿದ್ದೆ.

ಹಾಗಾಗಿ ನಮ್ಮಲ್ಲಿ ಒಬ್ಬನ ಗಟ್ಟಿತನವನ್ನು ಅವನಿಗೆ ಎಷ್ಟು ಕ್ವಿಂಟಾಲ್ ಆಯಿತು ಎಂಬುದರಿಂದ ಅಳೆಯುವುದಿಲ್ಲ. ಆ ಅಡಿಕೆಯನ್ನು ಅವನು ಎಷ್ಟು ದಿನ ಇಟ್ಟುಕೊಳ್ಳಬಲ್ಲ ಎಂಬುದೇ ಅಳತೆ. ಕೈ ತೀರಾ ಕಟ್ಟಿದವನು ಫಸಲು ಮರದಲ್ಲಿರುವಾಗಲೇ ಖೇಣಿ ಕೊಟ್ಟುಬಿಡುತ್ತಾನೆ. ಖೇಣಿದಾರ ತೋಟ ಸುತ್ತಿ ಕಣ್ಣಂದಾಜಿನಲ್ಲಿ ಹೇಳಿದ ಹಣಕ್ಕೆ ಒಪ್ಪಿಕೊಂಡು, ಲಾಭದ ಆಸೆಯನ್ನೂ ಕೊಳೆಯ ಭಯವನ್ನೂ ಒಟ್ಟಿಗೆ ಅವನ ತಲೆಗೆ ಕಟ್ಟುತ್ತಾನೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನವನು ತಾನೇ ಕೊಯ್ಲು ಮಾಡುತ್ತಾನೆ, ಆದರೆ ಮಂಡಿಯಲ್ಲಿ ಮುಂಗಡ ಪಡೆದಿರುವುದರಿಂದ ಒಣಗಿದ ಕೂಡಲೇ ಚೀಲ ಕಟ್ಟಿ ಕಳಿಸಬೇಕಾಗುತ್ತದೆ, ಅಂದಿನ ಧಾರಣೆಯೇ ಅವನ ಧಾರಣೆ. ಅದಕ್ಕೂ ಮೇಲಿನವನು ರಾಶಿ, ಬೆಟ್ಟೆ ಎಂಬ ಬಗೆಯ ಅಡಿಕೆಯನ್ನು ಅಟ್ಟದಲ್ಲಿಟ್ಟು, ಬೆಳಿಗ್ಗೆ ಪೇಪರಿನ ಪೇಟೆಧಾರಣೆ ನೋಡಿ, “ಇನ್ನೂ ಒಂದ್ ತಿಂಗ್ಳು ನೋಡಣ” ಎನ್ನುತ್ತಾನೆ. ಈ ಒಂದು ವಾಕ್ಯವನ್ನು ಹೇಳಲು ಅಪ್ಪನಿಗೆ ಐವತ್ತೆಂಟು ವರ್ಷ ಬೇಕಾಯಿತು. ಕಾದದ್ದಕ್ಕೆ ಆ ಸಲ ಧಾರಣೆ ಏರಿತೆಂದೇನೂ ಅಲ್ಲ. ಸ್ವಲ್ಪ ಇಳಿಯಿತು. ಆದರೂ ಆ ನಷ್ಟದ ಬಗ್ಗೆ ಅವರು ಮಾತನಾಡುವಾಗ ದನಿಯಲ್ಲಿ ಒಂದು ಬಗೆಯ ಠೀವಿ ಇರುತ್ತದೆ. ಕಾಯಲು ಶಕ್ತಿ ಇದ್ದವನಿಗೆ ಮಾತ್ರ ಆಗಬಹುದಾದ ನಷ್ಟ ಅದು.

ಸಹಕಾರ ಸಂಘಗಳು ಇಲ್ಲದಿದ್ದರೆ ನಮ್ಮಂಥವರು ಈ ಮೆಟ್ಟಿಲುಗಳಲ್ಲಿ ಒಂದನ್ನೂ ಹತ್ತುತ್ತಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಅಡಿಕೆ ಬೆಳೆಗಾರರು ಸೇರಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಎಂಬ ಅಡಿಕೆ ಮಾರಾಟದ ಸಹಕಾರ ಸಂಘ ಕಟ್ಟಿದ್ದು 1939ರಲ್ಲಿ, ಸ್ವಾತಂತ್ರ್ಯ ಬರುವುದಕ್ಕೂ ಎಂಟು ವರ್ಷ ಮೊದಲು. ಊರಿನ ಸೊಸೈಟಿಯಲ್ಲಿ ಸಿಗುವ ಬೆಳೆ ಸಾಲಕ್ಕೆ, ಹೊತ್ತಿಗೆ ಸರಿಯಾಗಿ ಕಟ್ಟಿದರೆ, ನಮ್ಮ ರಾಜ್ಯದಲ್ಲಿ ಬಡ್ಡಿಯೇ ಇಲ್ಲ. ಮೂರು ಲಕ್ಷ ಇದ್ದ ಆ ಮಿತಿಯನ್ನು 2023ರಲ್ಲಿ ಐದು ಲಕ್ಷಕ್ಕೆ ಏರಿಸಿದರು. ‘ಹೊತ್ತಿಗೆ ಸರಿಯಾಗಿ’ ಎಂಬ ಆ ಎರಡು ಪದಗಳ ಸುತ್ತ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಮಲೆನಾಡಿನ ಪ್ರತಿ ಊರಿನಲ್ಲೂ ಒಂದು ನಾಟಕ ನಡೆಯುತ್ತದೆ. ಸಾಲ ತೀರಿಸಲು ಹಣವಿಲ್ಲದವರು ಎರಡು ಮೂರು ದಿನದ ಮಟ್ಟಿಗೆ ಯಾರಿಂದಲೋ ಕೈಗಡ ತಂದು ಸೊಸೈಟಿಗೆ ಕಟ್ಟಿ, ಮರುದಿನವೇ ಅಷ್ಟೇ ಸಾಲವನ್ನು ಹೊಸದಾಗಿ ಎತ್ತಿ, ಕೈಗಡ ಕೊಟ್ಟವನಿಗೆ ಅಲ್ಲಿಯೇ ಮೆಟ್ಟಿಲ ಮೇಲೆ ಎಣಿಸಿಕೊಡುತ್ತಾರೆ. ಒಂದೇ ನೋಟಿನ ಕಟ್ಟು ನಾಲ್ಕು ಮನೆಗಳ ಸಾಲ ತೀರಿಸಿ ಸಂಜೆಗೆ ತನ್ನ ಮನೆಗೆ ಮರಳುವುದೂ ಉಂಟು. ಪುಸ್ತಕದಲ್ಲಿ ಎಲ್ಲರದೂ ಚುಕ್ತಾ. ಅಪ್ಪನೂ ಇಪ್ಪತ್ತು ವರ್ಷ ಹೀಗೆಯೇ ಮಾಡಿದವರು.

2018ರ ಮಾರ್ಚಿನಲ್ಲಿ ಅಪ್ಪ ಕಟ್ಟಿದ್ದು ತಮ್ಮದೇ ಹಣ. ಮರುದಿನ ಕಾರ್ಯದರ್ಶಿಗಳು ಹೊಸ ಸಾಲದ ಅರ್ಜಿಯನ್ನು ಮುಂದೆ ಸರಿಸಿದಾಗ, “ಈ ವರ್ಷ ಬ್ಯಾಡ ಮಾರಾಯ್ರೆ” ಎಂದು ಬೇಬಾಕಿ ಪತ್ರ ಮಾತ್ರ ಕೇಳಿ ಪಡೆದು, ಅದನ್ನು ಹಿಡಿದು ಋಣದ ನಮೂದು ತೆಗೆಸಲು ಎರಡು ತಿಂಗಳು ಓಡಾಡಿದರು. ಬಡ್ಡಿಯಿಲ್ಲದ ಸಾಲವನ್ನು ಬೇಡವೆನ್ನುವುದು ಲೆಕ್ಕಾಚಾರದ ದೃಷ್ಟಿಯಿಂದ ದಡ್ಡತನ. ಆ ಹಣವನ್ನು ಎತ್ತಿ ಸುಮ್ಮನೆ ಠೇವಣಿ ಇಟ್ಟಿದ್ದರೂ ನಾಲ್ಕು ಕಾಸು ಹುಟ್ಟುತ್ತಿತ್ತು ಎಂದು ನಾನೇ ಫೋನಿನಲ್ಲಿ ಅವರಿಗೆ ಪಾಠ ಹೇಳಿದ್ದೆ. ಆಮೇಲೆ ಜುಲೈ ಬಂತು. ಹೊಸ ಸರ್ಕಾರದ ಬಜೆಟ್ಟಿನಲ್ಲಿ ಸಾಲಮನ್ನಾ ಘೋಷಣೆಯಾಯಿತು, ಮುಂದೆ ಸಹಕಾರ ಸಂಘಗಳ ಬೆಳೆ ಸಾಲದಲ್ಲಿ ಒಂದು ಲಕ್ಷದವರೆಗೆ ಮನ್ನಾ ಎಂದು ತೀರ್ಮಾನವಾಯಿತು. ಕೈಗಡ ತಂದು ಕಟ್ಟಿ ಮತ್ತೆ ಸಾಲ ಎತ್ತಿದ್ದ ನಮ್ಮ ಪಕ್ಕದ ಮನೆಯವರ ಹೆಸರು ಪಟ್ಟಿಯಲ್ಲಿತ್ತು, ಅಪ್ಪನದು ಇರಲಿಲ್ಲ. ಕಟ್ಟೆಯ ಮೇಲೆ ಕೂತವರು, “ನಾಯ್ಕರಿಗೆ ಲ್ಯಾಮಿನೇಷನ್ ಖರ್ಚೇ ಒಂದು ಲಕ್ಷ ಬಂತಂತೆ” ಎಂದು ತಮಾಷೆ ಮಾಡಿದರು. ಆ ಮಾತು ಎಷ್ಟು ಚೆನ್ನಾಗಿತ್ತೆಂದರೆ ಅಪ್ಪನೇ ಅದನ್ನು ನಾಲ್ಕು ಜನರಿಗೆ ಹೇಳಿದರು. ಪಹಣಿಯನ್ನು ಮಾತ್ರ ಮೊಳೆಯಿಂದ ಇಳಿಸಲಿಲ್ಲ. ಅವರಿಗೆ ಬೇಸರವಾಗಿರಲಿಲ್ಲ ಎಂದು ನಾನು ಹೇಳಲಾರೆ. ಆ ವಾರ ಅವರು ಪೇಪರು ಓದಲಿಲ್ಲ ಎಂದು ಅಮ್ಮ ಹೇಳಿದ್ದಳು.

ನನ್ನದೇ ಹೆಮ್ಮೆಯ ಕಥೆ ಇಷ್ಟು ಸೊಗಸಾಗಿಲ್ಲ. 2012ರಲ್ಲಿ ಶಿವಮೊಗ್ಗದ ಗೋಪಾಳದಲ್ಲಿ ಮನೆ ಕಟ್ಟಲು ನಾನೂ ನಮ್ಮ ಮನೆಯವರೂ ಸೇರಿ ಹದಿನೈದು ಲಕ್ಷ ಸಾಲ ತೆಗೆದುಕೊಂಡೆವು, ಇಪ್ಪತ್ತು ವರ್ಷದ ಅವಧಿಗೆ, ಸುಮಾರು ಹತ್ತು ಪರ್ಸೆಂಟ್ ಬಡ್ಡಿಗೆ. ತಿಂಗಳ ಕಂತು 14,475 ರೂಪಾಯಿ. ಗಣಿತದ ಮೇಷ್ಟ್ರಮ್ಮ ಎಂಬ ಹೆಸರಿದ್ದರೂ ನಾನು ಆ ಕಂತನ್ನು ಬಿಡಿಸಿ ನೋಡಿದ್ದು ಒಂದು ವರ್ಷ ಕಳೆದ ಮೇಲೆ. ಮೊದಲ ತಿಂಗಳ ಕಂತಿನಲ್ಲಿ 12,500 ರೂಪಾಯಿ ಬಡ್ಡಿಗೆ ಹೋಗಿ, ಅಸಲಿಗೆ ಬಿದ್ದದ್ದು 1,975 ರೂಪಾಯಿ. ಅದೇ ದರದಲ್ಲಿ ಐದು ವರ್ಷ ಕಟ್ಟುತ್ತಾ ಹೋದರೆ ಕೈಬಿಟ್ಟು ಹೋಗುವುದು 8 ಲಕ್ಷ 68 ಸಾವಿರ, ಅಸಲಿನಲ್ಲಿ ಇಳಿಯುವುದು ಒಂದೂವರೆ ಲಕ್ಷಕ್ಕೆ ಸ್ವಲ್ಪ ಹೆಚ್ಚು. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಒಟ್ಟು ಕಟ್ಟಿರುವುದು 34 ಲಕ್ಷ 74 ಸಾವಿರ. ಅಜ್ಜನ ಕೊಳಗ ನೆನಪಾಯಿತು. ಇಲ್ಲಿ ಯಾರೂ ಅಳತೆಯಲ್ಲಿ ಮೋಸ ಮಾಡಿರಲಿಲ್ಲ ಎನ್ನುವುದು ನಿಜ; ಎಲ್ಲವನ್ನೂ ಅಚ್ಚುಹಾಕಿಸಿ ಕೊಟ್ಟಿದ್ದರು, ನಾನು ಓದಿರಲಿಲ್ಲ.

ಅಂದಿನಿಂದ ಆ ಸಾಲದ ಜೊತೆ ನನಗೆ ಒಂದು ಬಗೆಯ ಹಟ ಬೆಳೆಯಿತು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಆದೇಶಿಸಿದ್ದು ನಾವು ಸಾಲ ತೆಗೆದುಕೊಂಡ 2012ರಲ್ಲೇ. ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ಕಂತಿನಷ್ಟು ಕಟ್ಟಿದರೆ ಇಪ್ಪತ್ತು ವರ್ಷದ ಸಾಲ ಹೆಚ್ಚುಕಡಿಮೆ ಹದಿನಾರು ವರ್ಷಕ್ಕೆ ತೀರುತ್ತದೆ ಎಂಬ ಲೆಕ್ಕವನ್ನು ನಾನು ಹತ್ತನೇ ತರಗತಿಯ ಮಕ್ಕಳ ಮುಂದೆ ಬೋರ್ಡಿನ ಮೇಲೆ ಮಾಡಿ ತೋರಿಸಿದ್ದೇನೆ. ಪಠ್ಯದಲ್ಲಿ ಇಲ್ಲದ ಲೆಕ್ಕ, ಆದರೂ ಹಿಂದಿನ ಬೆಂಚಿನವರು ಕಣ್ಣರಳಿಸಿ ಕೇಳಿದ ಲೆಕ್ಕ ಅದೊಂದೇ. ತುಟ್ಟಿಭತ್ಯೆಯ ಬಾಕಿ ಬಂದರೆ ಸಾಲಕ್ಕೆ, ಮನೆಯವರ ಚೀಟಿ ಎತ್ತಿದರೆ ಸಾಲಕ್ಕೆ. 2018ರಲ್ಲಿ ಆರನೇ ವೇತನ ಆಯೋಗದ ಹೆಚ್ಚಳ ಬಂದಾಗ ಸಂಬಳ ಹೆಚ್ಚೇ ಆಗಿಲ್ಲವೆಂದು ತಿಳಿದು ಬದುಕೋಣ ಎಂದೆ. ಮನೆಯವರು ಒಪ್ಪಿದರು, ಮಕ್ಕಳು ಒಪ್ಪಲಿಲ್ಲ. ಆ ವರ್ಷಗಳಲ್ಲಿ ನಾವು ನೋಡದ ಊರುಗಳ ಪಟ್ಟಿಯನ್ನು ನನ್ನ ಮಗಳು ಇಂದಿಗೂ ಬಾಯಿಪಾಠ ಒಪ್ಪಿಸುತ್ತಾಳೆ, ಅದು ಅನ್ಯಾಯದ ಪಟ್ಟಿಯೇನೂ ಅಲ್ಲ.

2024ರ ಜನವರಿಯಲ್ಲಿ ಕೊನೆಯ ಕಂತು ಕಟ್ಟಿದೆವು. ಸಾಲ ತೀರಿದ ಮೂವತ್ತು ದಿನಗಳ ಒಳಗೆ ಮನೆಯ ಮೂಲಪತ್ರಗಳನ್ನು ಹಿಂದಿರುಗಿಸಬೇಕು, ತಪ್ಪಿದರೆ ತಡವಾದ ಒಂದೊಂದು ದಿನಕ್ಕೂ ಐದು ಸಾವಿರ ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದಿತ್ತು. ಅದಕ್ಕೋ ಏನೋ, ಹದಿನೆಂಟನೇ ದಿನವೇ ಕರೆದು ಕಾಗದಗಳ ಕಟ್ಟನ್ನು ಕೊಟ್ಟರು. ಹನ್ನೆರಡು ವರ್ಷ ಕತ್ತಲಲ್ಲಿದ್ದ ನಮ್ಮ ಕ್ರಯಪತ್ರಕ್ಕೆ ಹಳೆಯ ಗೋದಾಮಿನ ವಾಸನೆ ಹತ್ತಿತ್ತು. ಬ್ಯಾಂಕಿನಿಂದ ಹೊರಗೆ ಬಂದು ನಾವು ಮಾಡಿದ ಸಂಭ್ರಮವೆಂದರೆ ಎದುರಿನ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ, ಅಷ್ಟೇ. ಮರುತಿಂಗಳ ಐದನೇ ತಾರೀಖು ಕಂತು ಕಡಿತವಾದ ಸಂದೇಶ ಮೊಬೈಲಿಗೆ ಬರಲಿಲ್ಲ. ನಾನು ಆ ದಿನ ಮೂರು ನಾಲ್ಕು ಸಲ ಫೋನು ತೆಗೆದು ನೋಡಿದೆ.

ಹೆಮ್ಮೆಯ ಮಾತಾಡುವಾಗ ಅದರ ಬೆನ್ನಿಗಿರುವ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಸಾಲ ತೀರಿಸುವ ಹಟದ ನಡುವೆಯೇ, ಎರಡು ಪರ್ಸೆಂಟ್ ಹೆಚ್ಚು ಬಡ್ಡಿಯ ಆಸೆಗೆ ನಾನು ಎಂಬತ್ತು ಸಾವಿರ ರೂಪಾಯಿಯನ್ನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಠೇವಣಿ ಇಟ್ಟಿದ್ದೆ. ಅದರ ಹೆಸರು ಇಲ್ಲಿ ಬೇಡ. ಒಂದು ದಿನ ಅದರ ಬಾಗಿಲು ಮುಚ್ಚಿತು, ಈವರೆಗೆ ಹನ್ನೊಂದು ಸಾವಿರ ಮರಳಿ ಬಂದಿದೆ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲೂ, ಒಬ್ಬ ಠೇವಣಿದಾರನ ಐದು ಲಕ್ಷ ರೂಪಾಯಿವರೆಗಿನ ಹಣಕ್ಕೆ 2020ರ ಫೆಬ್ರವರಿಯಿಂದ ವಿಮೆಯ ರಕ್ಷಣೆ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಂಘಗಳಿಗೆ ಆ ರಕ್ಷಣೆ ಇಲ್ಲ. ಬೋರ್ಡಿನಲ್ಲಿ ‘ಸಹಕಾರ’ ಎಂಬ ಪದ ಎರಡೂ ಕಡೆ ಅಷ್ಟೇ ದೊಡ್ಡ ಅಕ್ಷರದಲ್ಲಿರುತ್ತದೆ. ನಾನು ಈ ಸಂಗತಿಯನ್ನು ಸ್ಟಾಫ್ ರೂಮಿನಲ್ಲಿ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದ ದಿನ, ಅದೇ ಸಂಘದಲ್ಲಿ ಕಳೆದುಕೊಂಡ ಇನ್ನಿಬ್ಬರು ಅದೇ ಕೋಣೆಯಲ್ಲಿ ಸಿಕ್ಕರು.

ಹಾಗೆಂದು ಸಣ್ಣ ಉಳಿತಾಯವೆಲ್ಲ ಮುಳುಗುವುದೇ ಎಂದಲ್ಲ. ನಮ್ಮ ಶಾಲೆಯ ಹತ್ತಿರ ಚಹದಂಗಡಿ ಇಟ್ಟಿರುವ ಹೆಂಗಸೊಬ್ಬಳು ದಿನಕ್ಕೆ ನೂರು ರೂಪಾಯಿ ಪಿಗ್ಮಿ ಕಟ್ಟಿ, ಮಗಳನ್ನು ನರ್ಸಿಂಗ್ ಓದಿಸಿದಳು. ಪಿಗ್ಮಿಯ ಹುಡುಗ ಬರುವ ಸಂಜೆ ನಾಲ್ಕರ ಹೊತ್ತಿಗೆ ಆ ನೂರರ ನೋಟು ಸಕ್ಕರೆ ಡಬ್ಬದ ಕೆಳಗೆ ಸಿದ್ಧವಾಗಿರುತ್ತದೆ, ಗಿರಾಕಿಗೆ ಚಿಲ್ಲರೆ ಇಲ್ಲದಿದ್ದರೂ ಅವಳು ಅದನ್ನು ಮುಟ್ಟುವುದಿಲ್ಲ. ಉಡುಪಿಯಲ್ಲಿ 1928ರಲ್ಲಿ ಟಿ.ಎಂ.ಎ. ಪೈಯವರು ಪಿಗ್ಮಿ ಶುರುಮಾಡಿದಾಗ ಮನೆಮನೆಗೆ ಹೋಗಿ ಎತ್ತುತ್ತಿದ್ದದ್ದು ದಿನಕ್ಕೆ ಎರಡಾಣೆ. ದುಡ್ಡು ಇದ್ದವರು ಬ್ಯಾಂಕಿಗೆ ಹೋಗುತ್ತಾರೆ, ಇಲ್ಲದವರ ಬಳಿಗೆ ಬ್ಯಾಂಕೇ ಹೋಗಬೇಕು ಎಂಬ ಆ ಯೋಚನೆಗೆ ಹೋಲಿಸಿದರೆ ಇತ್ತೀಚಿನ ಆ್ಯಪುಗಳಲ್ಲಿ ನನಗೆ ಅಂಥ ಹೊಸತನವೇನೂ ಕಾಣುವುದಿಲ್ಲ.

ಆ್ಯಪಿನ ವಿಷಯ ಬಂದದ್ದರಿಂದ ಅಣ್ಣನ ಮಗನ ಮಾತನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವನು ಕಳೆದ ದೀಪಾವಳಿಗೆ ಊರಿಗೆ ಬಂದಾಗ ಮೊಬೈಲಿನಲ್ಲಿ ತನ್ನ ಮ್ಯೂಚುವಲ್ ಫಂಡ್‌ಗಳ ಒಟ್ಟು ಮೊತ್ತವನ್ನು ತೋರಿಸಿ, “ಅತ್ತೆ, ಇಪ್ಪತ್ತೇಳಕ್ಕೆ ಇಷ್ಟು ಮಾಡಿದೀನಿ” ಎಂದ. ಮೊತ್ತವನ್ನು ಹೀಗೆ ಬಹಿರಂಗವಾಗಿ ಹೇಳಿದ್ದು ನನಗೆ ಕಸಿವಿಸಿಯಾಯಿತು, ಯಾರಾದರೂ ಕೇಳಿಸಿಕೊಂಡಾರು ಎಂದು ಬಾಗಿಲ ಕಡೆ ನೋಡಿದೆ. ಜಗುಲಿಯಲ್ಲಿದ್ದ ಅಪ್ಪ ಮೊಬೈಲನ್ನು ಕೈಗೆ ತೆಗೆದುಕೊಂಡು, ಕನ್ನಡಕ ಸರಿಮಾಡಿ, “ಇದು ಕೊಯ್ಲಿಗೆ ಬರದು ಯಾವಾಗ?” ಎಂದು ಕೇಳಿದರು. “ಇನ್ನೂ ಇಪ್ಪತ್ತು ವರ್ಷ ಮುಟ್ಟಲ್ಲ ಅಜ್ಜ.” ಅಪ್ಪ ನಕ್ಕಾರು ಎಂದುಕೊಂಡಿದ್ದೆ. ಆದರೆ ಸಸಿ ನೆಟ್ಟು ಫಸಲಿಗೆ ಏಳೆಂಟು ವರ್ಷ ಕಾದು ಗೊತ್ತಿರುವ ಮನುಷ್ಯ ಅವರು. “ಹಂಗಾದ್ರೆ ಬುಡಕ್ಕೆ ಗೊಬ್ಬರ ಹಾಕ್ತಾ ಇರು” ಎಂದು ಗಂಭೀರವಾಗಿ ಹೇಳಿ ಮೊಬೈಲನ್ನು ಹಿಂದಕ್ಕೆ ಕೊಟ್ಟರು. ನನಗಿಂತ ಬೇಗ ಅವರಿಬ್ಬರೂ ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡರು.

ನಮ್ಮ ಮನೆಪತ್ರಗಳು ಬಿಡುಗಡೆಯಾದ ಮೇಲೆ ಆ ಫೆಬ್ರವರಿಯಲ್ಲಿ ಊರಿಗೆ ಹೋದಾಗ, ಸಾಲದ ನಮೂದು ತೆಗೆಸಿದ ಋಣಭಾರ ಪ್ರಮಾಣಪತ್ರವನ್ನು ಅಪ್ಪನಿಗೆ ತೋರಿಸಲೆಂದೇ ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ರಾತ್ರಿ ಊಟವಾದ ಮೇಲೆ ಅವರು ಅದನ್ನು ಎರಡು ಸಲ ಓದಿದರು, ಆಮೇಲೆ ಎದ್ದು ಹೋಗಿ ಮೊಳೆಯಿಂದ ಪಹಣಿಯನ್ನು ತೆಗೆದು ಅದರ ಪಕ್ಕಕ್ಕೆ ಇಟ್ಟರು. ಲ್ಯಾಮಿನೇಷನ್ನಿನ ಒಂದು ಮೂಲೆಯಲ್ಲಿ ಮಳೆಗಾಲದ ಬೂಷ್ಟು ಒಳಗೆ ಸೇರಿತ್ತು. ಎರಡು ಹಾಳೆಗಳನ್ನೂ ನಾವಿಬ್ಬರೂ ಅದಲುಬದಲು ಮಾಡಿ ನೋಡುತ್ತಾ, ಯಾವ ವರ್ಷ ಎಷ್ಟು ಕಟ್ಟಿದೆವು, ಎಲ್ಲಿ ಉಳಿಸಿದೆವು ಎಂದು ಬಹಳ ಹೊತ್ತು ಮಾತನಾಡಿದೆವು. ಅಮ್ಮ ಅಲ್ಲೇ ಮೆಟ್ಟುಗತ್ತಿಯ ಮುಂದೆ ಕೂತು ಕೊನೆಯ ಕೊಯ್ಲಿನ ಅಡಿಕೆ ಸುಲಿಯುತ್ತಿದ್ದಳು. ನಮ್ಮ ಮಾತಿಗೆ ತಲೆಯೆತ್ತಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನನಗೆ ಹೊಳೆದು, “ಅಮ್ಮಾ, ನಿಂಗೆ ಯಾವ್ದು ಅಂಥದ್ದು?” ಎಂದು ಕೇಳಿದೆ.

“ನಂದೇನೈತೆ” ಎಂದಳು. ಎರಡು ಅಡಿಕೆ ಸುಲಿದು ಬುಟ್ಟಿಗೆ ಹಾಕಿದಳು. ಆಮೇಲೆ, “ಆ ಪಹಣಿ ತಂದ ವರ್ಷ ಮಳೆಗಾಲಕ್ಕೆ ಸರ ಮನೇಲೇ ಉಳೀತಲ್ಲ” ಎಂದಳು.

ಮೂವತ್ತಕ್ಕೂ ಹೆಚ್ಚು ಮಳೆಗಾಲ ಸೊಸೈಟಿಯ ತಿಜೋರಿಯಲ್ಲಿ ಕಳೆದಿದ್ದ ಆ ಸರವನ್ನು ಜೂನ್ ಬಂದರೂ ಯಾರೂ ಕೇಳಲಿಲ್ಲವಂತೆ. ಅಪ್ಪ ಕೇಳಬಹುದು ಎಂದು ಅವಳು ಒಂದು ವಾರ ಅದನ್ನು ಕಾಗದದಲ್ಲಿ ಸುತ್ತಿ ಸಿದ್ಧವಾಗಿಯೇ ಇಟ್ಟಿದ್ದಳಂತೆ. ಆರ್ದ್ರೆ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಅದನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡು, ಮೇಲೆ ಕಂಬಳಿಕೊಪ್ಪೆ ಹಾಕಿ ನೆಟ್ಟಿ ಗದ್ದೆಗೆ ಹೋದಳಂತೆ.

“ಗದ್ದೆಗೆ ಚಿನ್ನ ಹಾಕ್ಕಂಡ್ ಹೋಗಿದ್ಯಾ?” ಎಂದು ಅಪ್ಪ ಕನ್ನಡಕದ ಮೇಲಿನಿಂದ ನೋಡಿದರು. ಆರು ವರ್ಷದಿಂದ ಅವರಿಗೂ ಈ ಸಂಗತಿ ಗೊತ್ತಿರಲಿಲ್ಲ.

“ಕೊಪ್ಪೆ ಒಳಗೆ ಯಾರಿಗೆ ಕಾಣ್ತದೆ,” ಎಂದಳು ಅಮ್ಮ. “ದಿನಾ ಸಂಜೆ ಒರೆಸಿ ಇಡ್ತಿದ್ದೆ.”